ಕಡೆಗೀಲಿನ ತೂತು

ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಒಂದು ತೂತು ಇರುತ್ತದೆ. ಗಾಲಿಯನ್ನು ಅಚ್ಚಿಗೆ ಏರಿಸಿದ ಮೇಲೆ ಆ ತೂತಿನೊಳಗೆ ಒಂದು ಕೀಲು ಇಳಿಬಿಡುತ್ತಾರೆ. ಅದೇ ಕಡೆಗೀಲು. ಕೆಲವು ಕಡೆ ಕಡಾಣಿ ಅನ್ನುತ್ತಾರೆ. ಭಾರ ಹೊರುವುದು ಅಚ್ಚು, ಉರುಳುವುದು ಗಾಲಿ, ಗಾಲಿ ಕಳಚಿಹೋಗದಂತೆ ಕಾಯುವುದು ಗೇಣುದ್ದವೂ ಇಲ್ಲದ ಆ ಕೀಲು. ಕಡೆಗೀಲಿನ ಹಿರಿಮೆಯನ್ನು ನಮ್ಮ ಹಿರಿಯರು ಬೇಕಾದಷ್ಟು ಹಾಡಿಹೊಗಳಿದ್ದಾರೆ. ಅದು ಕೂರುವ ತೂತಿನ ಬಗ್ಗೆ ಮಾತಾಡಿದವರು ಕಡಿಮೆ. ಗುಂಡಗಿನ ಅಚ್ಚಿಗೆ ಅಡ್ಡಲಾಗಿ, ನಟ್ಟನಡುವೆ, ಈ ಬದಿಯಿಂದ ಆ ಬದಿಗೆ ನೇರವಾಗಿ ಹಾಯಬೇಕಾದ ತೂತು ಅದು. ಬಡಗಿ ಬೈರಿಗೆ ಹಿಡಿದು ಮರದಲ್ಲಿ ಕೊರೆಯುತ್ತಿದ್ದ ಆ ತೂತನ್ನೇ ಇವತ್ತು ಟ್ರಾಕ್ಟರಿನ ಪಿನ್ನಿನಲ್ಲಿ, ರೈಲಿನ ಬ್ರೇಕಿನ ಪಿನ್ನಿನಲ್ಲಿ, ವಿಮಾನದ ಬೋಲ್ಟಿನಲ್ಲಿ ಕೊರೆಯುತ್ತಾರೆ. ಅಡ್ಡ ತೂತು ಎಂದು ಕರೆಯೋಣ. ನೋಡಲು ಇಷ್ಟೇ, ಮಾಡಲು ಹೋದರೆ ಒಳ್ಳೊಳ್ಳೆಯ ಕೈಗಳೂ ಸೋಲುತ್ತವೆ.

ಈ ಅಂಕಣಕ್ಕೆ ಕಾರಣ ಘೋಟಿ. ನಾಶಿಕ ಜಿಲ್ಲೆಯ ಇಗತಪುರಿ ತಾಲೂಕಿನ ಊರು. ಮುಂಬೈಯಿಂದ ಕಸಾರಾ ಘಾಟಿ ಹತ್ತಿ ಇಗತಪುರಿ ದಾಟಿದರೆ ಆಗ್ರಾ ಹೆದ್ದಾರಿಯ ಮೇಲೆಯೇ ಸಿಗುತ್ತದೆ. ಮಳೆ ಜೋರು, ಸುತ್ತ ಭತ್ತದ ಗದ್ದೆ, ಊರೊಳಗೆ ಅಕ್ಕಿ ಗಿರಣಿ. 1,646 ಮೀಟರ್ ಎತ್ತರದ, ಮಹಾರಾಷ್ಟ್ರದಲ್ಲೇ ಎಲ್ಲಕ್ಕಿಂತ ಎತ್ತರದ ಕಳಸೂಬಾಯಿ ಶಿಖರಕ್ಕೆ ಹೋಗುವ ಎಷ್ಟೋ ಜನ ಇಲ್ಲಿಂದ ದಾರಿ ತಿರುಗುತ್ತಾರೆ. ನಾಟಿಯ ದಿನಗಳಲ್ಲಿ ಅಲ್ಲಿ ಒಂದು ಚಹಾದಂಗಡಿಯ ಎದುರು ನಿಂತಿದ್ದ ಟ್ರಾಕ್ಟರಿನ ಹಿಂಭಾಗ ನನ್ನ ಕಣ್ಣಿಗೆ ಬಿತ್ತು. ಟ್ರಾಕ್ಟರಿಗೂ ಟ್ರೇಲರಿಗೂ ನಡುವೆ ಹೆಬ್ಬೆರಳಿಗಿಂತ ದಪ್ಪದ ಒಂದು ಪಿನ್ನು. ಅದರ ಕೆಳತುದಿಯ ಅಡ್ಡ ತೂತಿನಲ್ಲಿ ಇರಬೇಕಾದ ಕೀಲಿನ ಜಾಗದಲ್ಲಿ ಬಗ್ಗಿಸಿದ ಮೊಳೆ.

ನಾನು ಬೆಳಗಾವಿ ಕಡೆಯವನು, ಮರಾಠಿ ಬರುತ್ತದೆ. ಮೊಳೆ ಯಾಕೆ ಎಂದು ಟ್ರಾಕ್ಟರಿನವನನ್ನು ಕೇಳಿದೆ. ಕೀಲು ಇದೆ, ಹೋಗುವುದಿಲ್ಲ ಎಂದ. ಪಿನ್ನನ್ನು ಹಿಡಿದು ನೋಡಿದರೆ ವಿಷಯ ತಾನಾಗಿ ತಿಳಿಯಿತು. ಒಂದು ಬದಿಯಲ್ಲಿ ತೂತು ಹೆಚ್ಚುಕಡಿಮೆ ನಡುವೆಯೇ ಇದೆ, ಇನ್ನೊಂದು ಬದಿಯಲ್ಲಿ ಒಂದು ಸೂತದಷ್ಟು ಪಕ್ಕಕ್ಕೆ ಹೊರಬಂದಿದೆ. ಒಂದು ಸೂತವೆಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಓರೆಯಾದ ಆ ತೂತಿನೊಳಗೆ ಕೀಲನ್ನು ಹೇಗೋ ತೂರಿಸಿದರೂ ಅದರ ಉಂಗುರ ಪಿನ್ನನ್ನು ಬಳಸಿ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅದಕ್ಕೇ ಮೊಳೆ. ಘಾಟಿಯ ಏರಿಳಿತದ ರಸ್ತೆ, ಹಿಂದೆ ತುಂಬಿದ ಟ್ರೇಲರು, ಅದರ ಮೇಲೆ ಕೂತ ನಾಲ್ಕು ಜನ. ಅವರೆಲ್ಲರ ಕಡೆಗೀಲು ಒಂದು ಬಗ್ಗಿದ ಮೊಳೆ.

ಅವನ ಜೊತೆಯಲ್ಲೇ ಹತ್ತಿರದ ಒಂದು ಲೇತ್ ಅಂಗಡಿಗೆ ಹೋದೆ. ತಗಡಿನ ಮಾಡು, ಒಂದು ಹಳೆಯ ಲೇತು, ಬೆಲ್ಟು ಬದಲಿಸಿ ವೇಗ ಬದಲಿಸುವ ಒಂದು ಕಂಬದ ಡ್ರಿಲ್ಲಿಂಗ್ ಯಂತ್ರ. ಅಂಗಡಿಯ ಟರ್ನರು ಹೊಸ ಪಿನ್ನನ್ನು ವಿ ಆಕಾರದ ಕಣಿವೆಯಿರುವ ವಿ ಬ್ಲಾಕಿನಲ್ಲಿ ಮಲಗಿಸಿದ. ಯಂತ್ರ ನಿಲ್ಲಿಸಿಯೇ ಇತ್ತು. ಜೇಬಿನಿಂದ ಆರಿಂಚಿನ ಉಕ್ಕಿನ ಅಳತೆಪಟ್ಟಿ ತೆಗೆದು ಪಿನ್ನಿನ ಬೆನ್ನ ಮೇಲೆ ಅಡ್ಡಲಾಗಿ ಇಟ್ಟ. ಡ್ರಿಲ್ಲಿನ ಮೊನೆಯನ್ನು ಮೆಲ್ಲಗೆ ಇಳಿಸಿ ಪಟ್ಟಿಯನ್ನು ಪಿನ್ನಿಗೆ ಒತ್ತಿದ. ಪಟ್ಟಿಯ ಎಡತುದಿ ಕೆಳಗೆ ಬಾಗಿತು. ಮೊನೆ ಎತ್ತಿ, ಬ್ಲಾಕನ್ನು ಎಡಕ್ಕೆ ಒಂದಿಷ್ಟು ತಟ್ಟಿ, ಮತ್ತೆ ಒತ್ತಿದ. ಈ ಸಲ ಬಲತುದಿ ಬಾಗಿತು. ಮೂರನೆಯ ಸಲಕ್ಕೆ ಪಟ್ಟಿ ತಕ್ಕಡಿಯ ದಂಡಿಗೆಯಂತೆ ಸಮವಾಗಿ ನಿಂತಿತು. ಬ್ಲಾಕನ್ನು ಬಿಗಿದ.

ಇಡೀ ಕಸುಬಿನ ಮರ್ಮ ಆ ಅರ್ಧ ನಿಮಿಷದಲ್ಲಿತ್ತು. ಗುಂಡಗಿನ ಸರಳಿನ ಅತಿ ಎತ್ತರದ ಗೆರೆ ಒಂದೇ, ಪಟ್ಟಿ ಅದರ ಮೇಲೆ ಮಾತ್ರ ಕೂರುತ್ತದೆ. ಡ್ರಿಲ್ಲಿನ ಮೊನೆ ಆ ಗೆರೆಯ ಎಡಕ್ಕಿದ್ದರೆ ಪಟ್ಟಿ ಎಡಕ್ಕೆ ವಾಲುತ್ತದೆ, ಬಲಕ್ಕಿದ್ದರೆ ಬಲಕ್ಕೆ. ಮೊನೆ ಮತ್ತು ಗೆರೆ ಒಂದರ ಕೆಳಗೊಂದು ಬಂದಾಗ ಮಾತ್ರ ಪಟ್ಟಿ ಸಮ. ಪಟ್ಟಿ ಉದ್ದವಾದಷ್ಟೂ ಸಣ್ಣ ವಾಲಿಕೆ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಪಳಗಿದ ಕಣ್ಣು ಇದರಿಂದ ಮಿಲಿಮೀಟರಿನ ಹತ್ತನೇ ಒಂದರ ಹತ್ತಿರಕ್ಕೆ ಮುಟ್ಟಬಲ್ಲದು. ಟ್ರೇಲರಿನ ಪಿನ್ನಿಗೆ ಅಷ್ಟು ಧಾರಾಳವಾಗಿ ಸಾಕು. ಹಿಂದಿನ ಪಿನ್ನನ್ನು ಕೊರೆದವನ ಹತ್ತಿರವೂ ಇಂಥದೇ ಯಂತ್ರ, ಇಂಥದೇ ಡ್ರಿಲ್ಲು ಇದ್ದಿರಬೇಕು. ಈ ಅರ್ಧ ನಿಮಿಷವನ್ನು ಅವನು ಕೊಡಲಿಲ್ಲ.

ಡ್ರಿಲ್ಲು ಯಾಕೆ ಹಾದಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾವು ಬಳಸುವ ಸುರುಳಿ ಡ್ರಿಲ್ಲಿಗೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದ. ಅಂದಿನಿಂದ ಅದರ ಉಕ್ಕು ಬದಲಾಗಿದೆ, ಮೂಲರೂಪ ಅದೇ. ಅದರ ಮೊನೆ ಸೂಜಿಯಂತೆ ಚೂಪು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಭೂತಗನ್ನಡಿಯಲ್ಲಿ ನೋಡಿ: ಎರಡು ಅಲಗುಗಳು ಸೇರುವಲ್ಲಿ ಒಂದು ಸಣ್ಣ ಅಡ್ಡಗೆರೆ ಇರುತ್ತದೆ, ಉಳಿಯ ಬಾಯಿಯ ಹಾಗೆ. ಅಲಗುಗಳು ಲೋಹವನ್ನು ಕತ್ತರಿಸುತ್ತವೆ, ಈ ಉಳಿಗೆರೆ ಕತ್ತರಿಸುವುದಿಲ್ಲ, ಅದುಮುತ್ತದೆ. ಅಲಗುಗಳು ಲೋಹದೊಳಗೆ ಹುಗಿಯುವವರೆಗೆ ಡ್ರಿಲ್ಲನ್ನು ಜಾಗದಲ್ಲಿ ಹಿಡಿದಿಡುವವರು ಯಾರೂ ಇಲ್ಲ. ಸಮತಟ್ಟಾದ ತಗಡಿನ ಮೇಲಾದರೆ ಅದು ಅಲ್ಲೇ ಒಂದೆರಡು ಸುತ್ತು ತಡಕಾಡಿ ಇಳಿಯುತ್ತದೆ. ಗುಂಡಗಿನ ಬೆನ್ನಿನ ಮೇಲೆ ಹಾಗಲ್ಲ. ಅಲ್ಲಿ ನೆತ್ತಿ ಬಿಟ್ಟರೆ ಎರಡೂ ಕಡೆ ಇಳಿಜಾರು.

ಲೆಕ್ಕ ಹಾಕೋಣ. ಎಂಟು ಮಿಲಿಮೀಟರ್ ದಪ್ಪದ ಪಿನ್ನು, ಅದಕ್ಕೆ ಎರಡು ಮಿಲಿಮೀಟರ್ ತೂತು. ಸ್ಪ್ಲಿಟ್ ಪಿನ್ನು ಹಾಕುವ ಪಿನ್ನುಗಳಲ್ಲಿ ಇದು ಸಾಮಾನ್ಯ ಜೋಡಿ. ತ್ರಿಜ್ಯ ನಾಲ್ಕು ಮಿಲಿಮೀಟರ್. ಮೊನೆ ನೆತ್ತಿಯಿಂದ ಬರೀ 0.4 ಮಿಲಿಮೀಟರ್ ಪಕ್ಕಕ್ಕೆ ಕೂತಿತು ಎನ್ನಿ. ಅಲ್ಲಿ ಮೇಲ್ಮೈಯ ಇಳಿಜಾರು ಹೆಚ್ಚುಕಡಿಮೆ ಆರು ಡಿಗ್ರಿ, ಅಂದರೆ ಹತ್ತಕ್ಕೆ ಒಂದು. ಘೋಟಿಯವರಿಗೆ ಇದನ್ನು ಹೇಳುವುದು ಸುಲಭ. ಅವರ ಊರಿನ ಕೆಳಗಿನ ಕಸಾರಾ ಘಾಟಿಯಲ್ಲಿ ರೈಲುದಾರಿಯ ಏರು 37ಕ್ಕೆ ಒಂದು. ಅದನ್ನು ಹತ್ತಿಸಲು ರೈಲುಗಳಿಗೆ ಹೆಚ್ಚುವರಿ ಇಂಜಿನ್ ಜೋಡಿಸಬೇಕಾಗುತ್ತದೆ. ಡ್ರಿಲ್ಲಿನ ಮೊನೆ ನಿಂತಿರುವುದು ಅದರ ಮೂರೂವರೆ ಪಟ್ಟಿಗಿಂತ ಹೆಚ್ಚು ಕಡಿದಾದ ಇಳಿಜಾರಿನಲ್ಲಿ, ಎಣ್ಣೆ ಸವರಿದ ನುಣ್ಣನೆಯ ಉಕ್ಕಿನ ಮೇಲೆ, ಮೇಲಿನಿಂದ ಅದುಮಿಸಿಕೊಳ್ಳುತ್ತ. ಜಾರದೆ ಇನ್ನೇನು ಮಾಡೀತು? ಜಾರಿದಷ್ಟೂ ಇಳಿಜಾರು ಹೆಚ್ಚುತ್ತದೆ, ಹೆಚ್ಚಿದಷ್ಟೂ ಜಾರುತ್ತದೆ. ಕೊನೆಗೆ ಬಾಗಿದ ಡ್ರಿಲ್ಲೇ ಒಳಹೊಕ್ಕು, ಬಾಗಿದ ದಿಕ್ಕಿಗೇ ಕೊರೆಯುತ್ತ ಹೋಗುತ್ತದೆ. ಘೋಟಿಯ ಪಿನ್ನಿನ ಆಚೆಬದಿಯಲ್ಲಿ ನಾನು ಕಂಡ ಒಂದು ಸೂತದ ಓರೆ ಈಚೆಬದಿಯ ಸಣ್ಣ ತಪ್ಪಿನಿಂದ ಬೆಳೆದದ್ದು.

ಒಂದು ಸಂಗತಿ ಗಮನಿಸಿ. ಸರಳಿನ ಉದ್ದಕ್ಕೆ ಮೇಲ್ಮೈ ಸಮತಟ್ಟೇ ಇರುತ್ತದೆ, ಇಳಿಜಾರು ಇರುವುದು ಅಡ್ಡಕ್ಕೆ ಮಾತ್ರ. ಹಾಗಾಗಿ ತೂತು ಕೆಡುವುದು ಬಹುಪಾಲು ಒಂದೇ ದಿಕ್ಕಿನಲ್ಲಿ. ತುದಿಯಿಂದ ತೂತಿಗೆ ಇರುವ ದೂರ ಸರಿಯಾಗಿಯೇ ಬರುತ್ತದೆ, ನಡು ಮಾತ್ರ ತಪ್ಪುತ್ತದೆ. ಕಾಳಜಿಯನ್ನೆಲ್ಲ ಸುರಿಯಬೇಕಾದದ್ದು ಆ ಒಂದೇ ದಿಕ್ಕಿಗೆ.

ಸೆಂಟರ್ ಪಂಚು ಹೊಡೆದರೆ ಆಗದೇ ಎಂದು ಕೇಳುವವರಿದ್ದಾರೆ. ದಪ್ಪ ಸರಳಿಗೆ ಆಗುತ್ತದೆ. ಸಣ್ಣ ಪಿನ್ನಿನ ಮೇಲೆ ಪಂಚಿನ ಮೊನೆಯೂ ಡ್ರಿಲ್ಲಿನಂತೆಯೇ ಜಾರುತ್ತದೆ, ಮೇಲಾಗಿ ಕಣ್ಣಳತೆಯ ತಪ್ಪು ಅದಕ್ಕೆ ಕೂಡುತ್ತದೆ. ಪಂಚಿನ ಗುಳಿ ಒಮ್ಮೆ ತಪ್ಪು ಜಾಗದಲ್ಲಿ ಬಿದ್ದರೆ ಡ್ರಿಲ್ಲು ಅದನ್ನೇ ಹಿಡಿದು ಇಳಿಯುತ್ತದೆ.

ಅಳತೆಪಟ್ಟಿಗಿಂತ ಒಂದು ಮೆಟ್ಟಿಲು ಮೇಲಿನ ಉಪಾಯ ವಿ ಬ್ಲಾಕಿನಲ್ಲೇ ಅಡಗಿದೆ. ವಿ ಬ್ಲಾಕಿನ ಗುಣವೇ ದೊಡ್ಡದು: ಅದರ ಕಣಿವೆಯೊಳಗೆ ಮೂರು ಮಿಲಿಮೀಟರಿನ ಸರಳು ಮಲಗಿಸಿ, ಮೂವತ್ತು ಮಿಲಿಮೀಟರಿನದು ಮಲಗಿಸಿ, ಸರಳಿನ ನಡು ಯಾವಾಗಲೂ ಕಣಿವೆಯ ತಳದ ಗೆರೆಯ ನೇರ ಮೇಲೆಯೇ ನಿಲ್ಲುತ್ತದೆ. ಎತ್ತರ ಬದಲಾದೀತು, ಎಡಬಲ ಬದಲಾಗದು. ಆದ್ದರಿಂದ ಸರಳಿನ ನಡುವನ್ನು ಹುಡುಕುವುದೇ ಬೇಡ, ಕಣಿವೆಯ ನಡುವನ್ನು ಒಮ್ಮೆ ಹುಡುಕಿದರೆ ಮುಗಿಯಿತು. ಒಂದು ದಪ್ಪ ಸರಳಿನ ತುದಿಯನ್ನು ಲೇತಿನಲ್ಲಿ 90 ಡಿಗ್ರಿಯ ಶಂಕುವಾಗಿ ತಿರುಗಿಸಿಕೊಳ್ಳಿ. ಅದನ್ನು ಡ್ರಿಲ್ಲಿಂಗ್ ಯಂತ್ರದ ಚಕ್ಕಿಗೆ ಹಾಕಿ ಬರಿದಾದ ವಿ ಬ್ಲಾಕಿನೊಳಗೆ ಇಳಿಸಿ. ಕಣಿವೆಯ ಎರಡೂ ಗೋಡೆಗಳು 90 ಡಿಗ್ರಿಯಲ್ಲೇ ಇರುವುದರಿಂದ ಶಂಕು ಎರಡಕ್ಕೂ ಒರಗಿ ಕೂರುತ್ತದೆ. ಕೂರುವಾಗ ಬ್ಲಾಕನ್ನೇ ತನ್ನ ನಡುವಿಗೆ ಎಳೆದುಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಬ್ಲಾಕನ್ನು ಮೇಜಿಗೆ ಬಿಗಿಯಿರಿ. ಶಂಕು ತೆಗೆದು ಡ್ರಿಲ್ಲು ಹಾಕಿ. ಇನ್ನು ಆ ದಿನದ ಅಷ್ಟೂ ಪಿನ್ನುಗಳಿಗೆ ನಡು ಸಿಕ್ಕಂತೆ.

ಮಿಲ್ಲಿಂಗ್ ಯಂತ್ರ ಇರುವವರು ಬೇರೆ ದಾರಿ ಹಿಡಿಯುತ್ತಾರೆ. ಪಿನ್ನನ್ನು ವೈಸಿನ ಬಾಯಲ್ಲಿ ಕಚ್ಚಿಸಿ, ವೈಸಿನ ಕದಲದ ದವಡೆಯನ್ನು ಅಂಚುಶೋಧಕದಿಂದ ಮುಟ್ಟಿ, ಅಲ್ಲಿಂದ ಪಿನ್ನಿನ ತ್ರಿಜ್ಯದಷ್ಟು ಸರಿಸುತ್ತಾರೆ. ಶೋಧಕದ ತ್ರಿಜ್ಯವನ್ನೂ ಕೂಡಿಸಬೇಕು, ಅದನ್ನು ಮರೆತವರು ಬಹಳ. ಇದು ನಿಖರವಾದ ವಿಧಾನವೇ, ಆದರೆ ಒಂದು ಬಲೆ ಇದೆ, ನಾನೇ ಅದರಲ್ಲಿ ಬಿದ್ದವನು. ಅಪ್ರೆಂಟಿಸ್ ಆಗಿದ್ದ ದಿನಗಳಲ್ಲಿ ಕಾರ್ಖಾನೆಯೊಂದರಲ್ಲಿ ನನಗೆ ಇನ್ನೂರು ಪಿನ್ನುಗಳ ಕೆಲಸ ಕೊಟ್ಟರು. ಮೊದಲ ಪಿನ್ನಿಗೆ ಅಳತೆ ಕಟ್ಟಿ, ಪರೀಕ್ಷೆ ಮಾಡಿಸಿ, ಕೊರೆಯುತ್ತ ಹೋದೆ. ಅರ್ಧ ಮುಗಿದಾಗ ಉಗ್ರಾಣದಿಂದ ಹೊಸ ಸರಳಿನಲ್ಲಿ ಕತ್ತರಿಸಿದ ಪಿನ್ನುಗಳು ಬಂದವು. ಅವು ಹಿಂದಿನವಕ್ಕಿಂತ 0.08 ಮಿಲಿಮೀಟರ್ ತೆಳುವಾಗಿದ್ದವು. ದವಡೆಗೆ ಒರಗಿದ ಪಿನ್ನು ತೆಳುವಾದರೆ ಅದರ ನಡು ದವಡೆಯ ಕಡೆಗೆ ಅರ್ಧದಷ್ಟು, ಅಂದರೆ 0.04 ಸರಿಯುತ್ತದೆ. ನಕ್ಷೆ ಕೊಟ್ಟಿದ್ದ ರಿಯಾಯಿತಿ 0.03. ನೂರು ಪಿನ್ನು ಗುಜರಿಗೆ ಹೋದವು. ವಿ ಬ್ಲಾಕಿನಲ್ಲಿ ಹಿಡಿದಿದ್ದರೆ ಒಂದೂ ಹೋಗುತ್ತಿರಲಿಲ್ಲ. ಯಂತ್ರ ಎಷ್ಟೇ ನಿಖರವಾಗಿದ್ದರೂ ಹಿಡಿತ ತಪ್ಪಾದರೆ ಅದು ತಪ್ಪನ್ನೇ ನಿಖರವಾಗಿ ಮಾಡುತ್ತದೆ ಎಂಬುದು ಅವತ್ತು ನನಗೆ ಗೊತ್ತಾಯಿತು.

ನಡು ಸಿಕ್ಕಿತು, ಇನ್ನು ಡ್ರಿಲ್ಲು. ಅಂಗಡಿಯಲ್ಲಿ ಎರಡು ಮಿಲಿಮೀಟರಿನ ಡ್ರಿಲ್ಲು ಕೊಡಿ ಎಂದರೆ ಕೊಡುವ ಸಾಮಾನ್ಯ ಡ್ರಿಲ್ಲಿನ ಉದ್ದ 49 ಮಿಲಿಮೀಟರ್, ಅದರಲ್ಲಿ ಸುರುಳಿಯ ಭಾಗ 24. ಗಿಡ್ಡ ಡ್ರಿಲ್ಲು ಎಂದು ಕೇಳಿ ಪಡೆದರೆ ಉದ್ದ 38, ಸುರುಳಿ 12. ಎಂಟು ಮಿಲಿಮೀಟರಿನ ಪಿನ್ನು ತೂರಲು ಹನ್ನೆರಡು ಸಾಕು. ಈ ಅರ್ಧಕ್ಕರ್ಧ ಉಳಿತಾಯದ ಬೆಲೆ ದೊಡ್ಡದು. ಒಂದು ತುದಿಯಲ್ಲಿ ಹಿಡಿದ ಸರಳು ಪಕ್ಕದ ಒತ್ತಡಕ್ಕೆ ಬಾಗುವುದು ಹೊರಚಾಚಿದ ಉದ್ದದ ಘನಕ್ಕೆ ತಕ್ಕಂತೆ. ಉದ್ದ ಅರ್ಧವಾದರೆ ಬಾಗುವುದು ಎಂಟನೇ ಒಂದಾಗುತ್ತದೆ. ಉದ್ದದ ಡ್ರಿಲ್ಲೊಂದೇ ಇದ್ದರೆ ಅದನ್ನು ಚಕ್ಕಿನೊಳಗೆ ಆದಷ್ಟು ಒಳಕ್ಕೆ ತಳ್ಳಿ ಹಿಡಿಯಿರಿ, ಸುರುಳಿಯ ಅಂಚನ್ನು ಚಕ್ಕಿನ ಹಲ್ಲು ಕಚ್ಚದಂತೆ ನೋಡಿಕೊಂಡು. ಅದಕ್ಕೂ ಮೊದಲು ಗಿಡ್ಡನೆಯ, ಬಾಗದ ಸೆಂಟರ್ ಡ್ರಿಲ್ಲಿನಿಂದ ಒಂದು ಬೊಟ್ಟು ಇಡಬೇಕು. ಆ ಬೊಟ್ಟೇ ಮುಂದಿನ ಡ್ರಿಲ್ಲಿಗೆ ದಾರಿ. ತೂತು ನೆತ್ತಿಯಿಂದ ಬೇಕೆಂದೇ ಪಕ್ಕಕ್ಕಿರಬೇಕಾದ ಕೆಲಸವಾದರೆ ಬೊಟ್ಟೂ ಸಾಲದು. ಅಲ್ಲಿ ಮೊದಲು ಎಂಡ್ ಮಿಲ್ಲಿನಿಂದ ಸಣ್ಣದೊಂದು ಸಮತಟ್ಟು ಕಡಿದು, ಆಮೇಲೆ ಡ್ರಿಲ್ಲು ಇಳಿಸಬೇಕು.

ವೇಗದ ವಿಷಯದಲ್ಲಿ ನಮ್ಮ ಸಣ್ಣ ಅಂಗಡಿಗಳ ತಪ್ಪು ಯಾವಾಗಲೂ ಒಂದೇ. ಸಣ್ಣ ಡ್ರಿಲ್ಲು ನಾಜೂಕು, ನಿಧಾನ ತಿರುಗಿಸೋಣ ಎಂಬ ಭಾವನೆ. ಅದು ತಿರುಗುಮುರುಗು. ಸಾಧಾರಣ ಉಕ್ಕಿನಲ್ಲಿ ಹೈಸ್ಪೀಡ್ ಸ್ಟೀಲಿನ ಡ್ರಿಲ್ಲಿನ ಅಂಚು ನಿಮಿಷಕ್ಕೆ 25 ಮೀಟರ್ ಓಡಬೇಕೆಂದರೆ ಎರಡು ಮಿಲಿಮೀಟರಿನ ಡ್ರಿಲ್ಲು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಬೇಕು. ಐದು ಮಿಲಿಮೀಟರಿನದಕ್ಕೆ ಸಾವಿರದ ಆರುನೂರು ಸಾಕು. ನಿಧಾನ ತಿರುಗುವ ಸಣ್ಣ ಡ್ರಿಲ್ಲು ಕತ್ತರಿಸುವುದಿಲ್ಲ, ತಿಕ್ಕುತ್ತದೆ. ಕೈಗೆ ಅದು ತಿಳಿಯದೆ ಇನ್ನಷ್ಟು ಒತ್ತುತ್ತೇವೆ. ಒತ್ತಿದಾಗ ಬಾಗುತ್ತದೆ, ಮುರಿಯುತ್ತದೆ. ಯಂತ್ರದ ಬೆಲ್ಟನ್ನು ಎಲ್ಲಕ್ಕಿಂತ ವೇಗದ ಗಾಲಿಗೆ ಹಾಕಿ, ಒಂದೊಂದು ಮಿಲಿಮೀಟರಿಗೂ ಡ್ರಿಲ್ಲನ್ನು ಎತ್ತಿ ಚೂರು ಹೊರಚೆಲ್ಲಿ, ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಇಳಿಸಬೇಕು. ಆಚೆಬದಿ ಹತ್ತಿರವಾದಾಗ ಕೈ ಹಗುರ ಮಾಡಬೇಕು, ಡ್ರಿಲ್ಲು ಹೊರಬೀಳುವ ಕ್ಷಣದಲ್ಲಿ ಸಟ್ಟನೆ ಕಚ್ಚಿ ಎಳೆದುಕೊಳ್ಳುತ್ತದೆ.

ಎರಡೂ ಬದಿಯಿಂದ ಅರ್ಧರ್ಧ ಕೊರೆಯುವ ಪದ್ಧತಿಯೂ ಇದೆ. ಅದು ತೀರ ಹಳೆಯದು. ಸಿಂಧೂ ಕಣಿವೆಯ ಕಾಲದ ಉದ್ದನೆಯ ಕೆಂಪು ಕಾರ್ನೀಲಿಯನ್ ಮಣಿಗಳನ್ನು ನೋಡಿ. ಅವುಗಳ ದಾರದ ತೂತನ್ನು ಎರಡು ತುದಿಗಳಿಂದಲೂ ಕೊರೆದು ನಡುವೆ ಕೂಡಿಸಿದ್ದಾರೆ. ಬೆರಳುದ್ದದ ಗಟ್ಟಿ ಕಲ್ಲು, ಕೊರೆಯುವ ಮೊನೆಯೂ ಕಲ್ಲಿನದೇ, ಒಂದೊಂದು ಮಣಿಗೆ ದಿನಗಟ್ಟಲೆ ಕೆಲಸ. ಒಂದೇ ಕಡೆಯಿಂದ ಹೋದರೆ ತಪ್ಪು ಬೆಳೆಯುತ್ತದೆ, ಎರಡು ಕಡೆಯಿಂದ ಬಂದರೆ ತಪ್ಪು ಬೆಳೆಯಲು ಅರ್ಧ ದಾರಿಯಷ್ಟೇ ಸಿಗುತ್ತದೆ. ಇದನ್ನು ನಾಲ್ಕು ಸಾವಿರ ವರ್ಷಗಳ ಹಿಂದೆ ಆ ಮಣಿಗಾರರು ಅರಿತಿದ್ದರು. ಪಿನ್ನಿನಲ್ಲಿ ಈ ಉಪಾಯ ಹಿಡಿಯುವುದಾದರೆ ಸರಿಯಾಗಿ 180 ಡಿಗ್ರಿ ತಿರುಗಿಸುವ ವ್ಯವಸ್ಥೆ ಬೇಕು. ಚೌಕಾಕಾರದ ಕಾಲೆಟ್ ಬ್ಲಾಕು ಅದಕ್ಕೆ ಚೆನ್ನ: ಪಿನ್ನನ್ನು ಒಮ್ಮೆ ಬಿಗಿದರೆ ಬ್ಲಾಕನ್ನೇ ಮಗುಚಿ ಇಡಬಹುದು. ಕೈಯಂದಾಜಿನಲ್ಲಿ ತಿರುಗಿಸಿದರೆ ನಡುವೆ ಎರಡು ತೂತುಗಳು ಮೆಟ್ಟಿಲಾಗಿ ಕೂಡುತ್ತವೆ, ಕೀಲು ಅಲ್ಲೇ ತಡೆಯುತ್ತದೆ.

ಒಂದೆರಡು ಪಿನ್ನಿಗೆ ಇಷ್ಟು ಸಾಕು. ಸಾವಿರ ಪಿನ್ನಿಗೆ ಜಿಗ್ಗು ಬೇಕು, ಅಂದರೆ ಪಿನ್ನನ್ನು ಹಿಡಿದು ಡ್ರಿಲ್ಲಿಗೆ ದಾರಿ ತೋರುವ ಸಾಧನ. ಸಾವಿರಗಟ್ಟಲೆ ಕೆಲಸ ನಡೆಯುವ ಕಡೆಗೆ ಘೋಟಿಯ ತಾಲೂಕಿನಿಂದಲೇ ದಾರಿ ಇದೆ. 2025ರ ಜೂನಿನಲ್ಲಿ ಪೂರ್ತಿಯಾಗಿ ತೆರೆದ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ಇಗತಪುರಿ ತಾಲೂಕನ್ನು ಹಾದು ಛತ್ರಪತಿ ಸಂಭಾಜಿನಗರದ ಕಡೆಗೆ ಹೋಗುತ್ತದೆ. ಆ ಊರಿನ ವಾಳೂಜಿನಲ್ಲಿ ಮೋಟರ್ ಸೈಕಲ್ ಕಾರ್ಖಾನೆ, ಅದರ ಸುತ್ತ ಬಿಡಿಭಾಗ ಮಾಡುವ ನೂರಾರು ಶೆಡ್ಡುಗಳು. ಜರ್ಮನಿಯ ನೆರವಿನಿಂದ ಹುಟ್ಟಿದ ಟೂಲ್ ರೂಮ್ ಕೂಡ ಅದೇ ಊರಿನಲ್ಲಿದೆ, ಜಿಗ್ಗು ಮಾಡುವ ಕೈಗಳನ್ನು ತಯಾರು ಮಾಡುವುದೂ ಅದರ ಕೆಲಸ. ನಮ್ಮಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಹಾಗೆ. ಅಡ್ಡ ತೂತಿನ ಜಿಗ್ಗು ಎಂದರೆ ಮೂಲತಃ ಒಂದು ವಿ ಕಣಿವೆ, ಅದರ ನಡುವಿನ ನೇರ ಮೇಲೆ ಗಟ್ಟಿಮಾಡಿದ ಉಕ್ಕಿನ ಒಂದು ಬುಷ್ಷು, ಪಿನ್ನಿನ ತುದಿ ತಾಗಿ ನಿಲ್ಲುವ ಒಂದು ತಡೆ. ಡ್ರಿಲ್ಲು ಬುಷ್ಷಿನೊಳಗಿಂದ ಇಳಿಯುವುದರಿಂದ ಜಾರಲು ಎಡೆಯೇ ಇಲ್ಲ. ಆದರೂ ಒಂದು ಕಡೆ ಎಡವುತ್ತಾರೆ. ಚೂರು ಹೊರಬರಲಿ ಎಂದು ಬುಷ್ಷಿಗೂ ಪಿನ್ನಿಗೂ ನಡುವೆ ಧಾರಾಳ ಸಂದು ಬಿಡುತ್ತಾರೆ. ಸಮತಟ್ಟು ತುಂಡಿಗೆ ಆ ಸಂದು ಸರಿ. ಗುಂಡಗಿನ ಬೆನ್ನಿಗೆ ಬುಷ್ಷಿನ ಬಾಯಿ ಆದಷ್ಟು ಸಮೀಪ ಬರಬೇಕು, ಸಾಧ್ಯವಾದರೆ ಪಿನ್ನಿನ ಡೊಂಕಿಗೆ ಹೊಂದುವಂತೆ ಬಾಯನ್ನೇ ಕಡಿದಿರಬೇಕು. ಇಲ್ಲದಿದ್ದರೆ ಡ್ರಿಲ್ಲು ಆ ಸಂದಿನಲ್ಲೇ ಬಾಗುತ್ತದೆ, ಬುಷ್ಷಿನ ಒಳಗನ್ನೂ ಸವೆಸುತ್ತದೆ.

ನಾಶಿಕಕ್ಕೂ ನಮ್ಮ ಬೆಂಗಳೂರಿಗೂ ಈ ಕಸುಬಿನಲ್ಲಿ ಹಳೆಯ ನಂಟಿದೆ. 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ ಮುಂದೆ ನಾಶಿಕದ ಸಾತಪುರದಲ್ಲಿ ಇನ್ನೊಂದು ಕಾರ್ಖಾನೆ ಕಟ್ಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಸಾತಪುರದಲ್ಲಿ ತಯಾರಾಗುವುದು ಡೀಸೆಲ್ ಇಂಜಿನ್ನಿನ ಇಂಜೆಕ್ಟರು, ನಾಝಲ್ಲು. ನಾಝಲ್ಲೆಂದರೆ ಕಿರುಬೆರಳಿಗಿಂತ ಸಣ್ಣ ಉಕ್ಕಿನ ಕೊಳವೆ, ಅದರ ಮೂತಿಯ ಸುತ್ತ ಓರೆಯಾಗಿ ಕೊರೆದ ತೂತುಗಳು. ಇಂದಿನ ನಾಝಲ್ಲುಗಳಲ್ಲಿ ಆ ತೂತು ಮಿಲಿಮೀಟರಿನ ಹತ್ತನೇ ಒಂದರಿಂದ ಹತ್ತನೇ ಎರಡರಷ್ಟು ಅಗಲ, ದಪ್ಪನೆಯ ಕೂದಲಿಗಿಂತ ಸ್ವಲ್ಪ ಹೆಚ್ಚು. ಗುಂಡಗಿನ ಮೂತಿ, ಗಟ್ಟಿ ಉಕ್ಕು, ಕೂದಲೆಳೆಯ ತೂತು. ಇಲ್ಲಿ ಸುರುಳಿ ಡ್ರಿಲ್ಲಿಗೆ ಕೆಲಸವಿಲ್ಲ. ತೆಳ್ಳನೆಯ ತಂತಿಯಿಂದ ಉಕ್ಕಿಗೆ ವಿದ್ಯುತ್ ಕಿಡಿಗಳನ್ನು ಹಾರಿಸಿ, ಒಂದೊಂದು ಕಿಡಿಗೂ ಕಣದಷ್ಟು ಲೋಹ ಕರಗಿಸಿ ತೆಗೆಯುತ್ತಾರೆ. ತಂತಿ ಉಕ್ಕನ್ನು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಇಳಿಜಾರಿನಲ್ಲಿ ಜಾರುವ ಮಾತೂ ಇಲ್ಲ. ಘೋಟಿಯ ಅಂಗಡಿಯವನು ಅಳತೆಪಟ್ಟಿಯಿಂದ ಗೆಲ್ಲುವ ಶತ್ರುವೂ ಸಾತಪುರದ ಕಿಡಿ ಗೆಲ್ಲುವ ಶತ್ರುವೂ ಒಂದೇ.

ಈ ನಂಟಿನ ಇನ್ನೊಂದು ಎಳೆ ವಿಮಾನದ್ದು. ನಾಶಿಕದ ಓಝರಿನಲ್ಲಿ ಮಿಗ್ ಯುದ್ಧವಿಮಾನಗಳಿಗಾಗಿ 1964ರಲ್ಲಿ ಎಚ್‌ಎಎಲ್ ಘಟಕ ಹುಟ್ಟಿತು. ಎಚ್‌ಎಎಲ್‌ನ ತವರು ಬೆಂಗಳೂರೇ. ವಿಮಾನದಲ್ಲಿ ಅಡ್ಡ ತೂತಿಗೆ ಇರುವ ಗೌರವ ನಾವು ನೆಲದ ಮೇಲೂ ಕಲಿಯಬೇಕಾದದ್ದು. ಬೋಲ್ಟಿನ ಕಾಂಡದಲ್ಲಿ ಅಡ್ಡ ತೂತು, ಅದರ ಮೇಲೆ ಕೋಟೆಯ ತೆನೆಯಂತೆ ಸೀಳುಗಳಿರುವ ನಟ್ಟು, ಎರಡನ್ನೂ ಹಾಯ್ದು ಹೋಗುವ ಸ್ಪ್ಲಿಟ್ ಪಿನ್ನು. ತೂತು ನಡುವಿನಿಂದ ಸರಿದಿದ್ದರೆ ಪಿನ್ನು ಈಚೆಯ ಸೀಳಿನಲ್ಲಿ ಹೊಕ್ಕು ಆಚೆಯ ಸೀಳಿನ ಗೋಡೆಗೆ ಬಡಿಯುತ್ತದೆ. ಅಲ್ಲಿ ಯಾರೂ ಮೊಳೆ ಹಾಕುವುದಿಲ್ಲ. ಬೋಲ್ಟನ್ನೇ ಎಸೆಯುತ್ತಾರೆ.

ತೂತು ನಡುವೆಯೇ ಬಂದಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ತೂತಿಗೆ ಬಿಗಿಯಾಗಿ ಕೂರುವ ನೇರ ಕಡ್ಡಿಯೊಂದನ್ನು, ಅದೇ ಅಳತೆಯ ಡ್ರಿಲ್ಲಿನ ಹಿಂಭಾಗವಾದರೂ ಆದೀತು, ಎರಡೂ ಕಡೆ ಹೊರಚಾಚುವಂತೆ ತೂರಿಸಿ. ಪಿನ್ನನ್ನು ವಿ ಬ್ಲಾಕಿನಲ್ಲಿ ಮಲಗಿಸಿ, ಕಡ್ಡಿ ನೆಲಕ್ಕೆ ಸಮಾಂತರವಾಗುವವರೆಗೆ ತಿರುಗಿಸಿ, ಡಯಲ್ ಗೇಜಿನಿಂದ ಕಡ್ಡಿಯ ಬೆನ್ನಿನ ಎತ್ತರ ಓದಿ. ಈಗ ಪಿನ್ನನ್ನು ಅರ್ಧ ಸುತ್ತು ಹೊರಳಿಸಿ, ಮತ್ತೆ ಸಮಾಂತರ ಮಾಡಿ, ಮತ್ತೆ ಓದಿ. ಎರಡು ಓದುಗಳ ವ್ಯತ್ಯಾಸದ ಅರ್ಧವೇ ತೂತು ನಡುವಿನಿಂದ ಸರಿದಿರುವ ದೂರ. ವ್ಯತ್ಯಾಸ 0.10 ಬಂದರೆ ತಪ್ಪು 0.05. ತಪ್ಪು ತನ್ನನ್ನು ತಾನೇ ಇಮ್ಮಡಿಯಾಗಿ ತೋರಿಸಿಕೊಳ್ಳುವ ಈ ಪರೀಕ್ಷೆ ನನಗೆ ಬಹಳ ಪ್ರಿಯ. ಪಕ್ಷಪಾತಕ್ಕೆ ಇದರಲ್ಲಿ ಜಾಗವೇ ಇಲ್ಲ. ಕೊನೆಗೆ ತೂತಿನ ಎರಡೂ ಬಾಯಿಗಳ ಮುಳ್ಳನ್ನು ಕೆರೆದು ತೆಗೆಯಬೇಕು. ಡೊಂಕು ಮೇಲ್ಮೈಯಲ್ಲಿ ತೂತಿನ ಬಾಯಿ ಸಮತಲದಲ್ಲಿ ಇರುವುದಿಲ್ಲ, ಅದಕ್ಕೇ ಕೌಂಟರ್‌ಸಿಂಕು ಒಂದೇ ಸಮನೆ ತಾಗುವುದಿಲ್ಲ. ಸಣ್ಣ ದುಂಡು ಅರ ಅಥವಾ ಕೈಕತ್ತಿಯೇ ಮೇಲು.

ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇವತ್ತೂ ದಿನವಿಡೀ ಅಡ್ಡ ತೂತುಗಳು ಬೀಳುತ್ತಿವೆ. ಕೊರೆಯುವ ಹುಡುಗರಲ್ಲಿ ಹೆಚ್ಚಿನವರು ಐಟಿಐಯಿಂದ ಬಂದವರು. ವಿ ಬ್ಲಾಕಿನ ಚಿತ್ರವನ್ನು ಅವರು ಪರೀಕ್ಷೆಗೆ ಬರೆದಿರುತ್ತಾರೆ, ಅದರ ಕಣಿವೆ ಯಾಕೆ ಯಾವ ದಪ್ಪದ ಸರಳಿಗೂ ನಡು ತಪ್ಪಿಸುವುದಿಲ್ಲ ಎಂದು ಕೇಳಿದರೆ ತಡವರಿಸುತ್ತಾರೆ. ಬೋಧಕರಲ್ಲಿ ನನ್ನ ಮನವಿ ಇಷ್ಟು: ಯಂತ್ರ ಚಾಲೂ ಮಾಡುವ ಮೊದಲು ಮಕ್ಕಳ ಕೈಗೆ ಒಂದು ಸರಳು, ಒಂದು ಅಳತೆಪಟ್ಟಿ ಕೊಡಿ. ಪಟ್ಟಿ ವಾಲುವುದನ್ನು ಅವರೇ ನೋಡಲಿ. ಕಾರಣವನ್ನು ಅವರ ಮಾತಿನಲ್ಲಿ, ಕನ್ನಡದಲ್ಲಿ ಹೇಳಲಿ.

ಘೋಟಿಯ ಆ ಟ್ರಾಕ್ಟರಿನವನು ಹೊಸ ಪಿನ್ನು ಹಾಕಿಸಿಕೊಂಡು ಹೋದ. ಕೀಲು ಒಂದೇ ಸಲಕ್ಕೆ ಇಳಿಯಿತು, ಉಂಗುರ ಟಕ್ಕೆಂದು ಕೂತಿತು. ಓದುತ್ತಿರುವ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಟ್ರಾಕ್ಟರು ಇದ್ದೀತು. ಇವತ್ತೇ ಹೋಗಿ ಟ್ರೇಲರಿನ ಪಿನ್ನು ನೋಡಿ. ಅಡ್ಡ ತೂತಿನಲ್ಲಿ ಮೊಳೆಯೋ ತಂತಿಯೋ ಇದ್ದರೆ ಕಿತ್ತು ಸರಿಯಾದ ಕೀಲು ಹಾಕಿ. ಕೀಲು ಹೋಗದಿದ್ದರೆ ಅದನ್ನು ಬಡಿದು ತೂರಿಸಬೇಡಿ, ಪಿನ್ನು ಬದಲಿಸಿ.